ಕಯಾಕ್ ಕೊಳ್ಳುವ ಮುಂಚೆ ಹೊಳೆ ನೋಡಿ

ಹುಟ್ಟು ಹಾಕಿ ನಡೆಸುವ ಕಿರುದೋಣಿ ಕಯಾಕ್. ಅದು ಬೇಕು ಅಂದುಕೊಂಡವರು ಮೊದಲು ಕೇಳುವುದು ಬೆಲೆ. ಆಮೇಲೆ ಉದ್ದ, ಬಣ್ಣ, ಕಂಪನಿ. ಕಳೆದ ಮಳೆಗಾಲದಲ್ಲಿ ವಿಚಾರಿಸಲು ಶುರುಮಾಡಿ, ಈಗ ಕುಂದಾಪುರದಲ್ಲಿ ಐದು ಹೊಳೆಗಳು ಕೂಡುವ ಪಂಚಗಂಗಾವಳಿಯಲ್ಲಿ ಸ್ವಂತ ದೋಣಿಗೆ ಹುಟ್ಟು ಹಾಕುವ ಹಂತಕ್ಕೆ ಬಂದಿದ್ದೇನೆ. ನನಗೆ ಖಾತ್ರಿಯಾದದ್ದು ಇಷ್ಟು: ಯಾವ ನೀರಿಗೆ ಇಳಿಯುತ್ತೀರಿ ಎಂಬುದು ತೀರ್ಮಾನವಾಗದೆ ಬೇರೆ ಯಾವ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಉದ್ದ, ಅಗಲ, ಹುಟ್ಟಿನ ಅಳತೆ, ಮನೆ ಬಿಡುವ ಹೊತ್ತು ಎಲ್ಲವನ್ನೂ ಹೊಳೆಯೇ ಹೇಳುತ್ತದೆ. ಇದೇ ದಾರಿ ಹಿಡಿಯುವವರಿಗೆ ಅನುಕೂಲವಾಗಲಿ ಎಂದು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮಳೆಗಾಲ ಕಾಯುವ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಹೊಳೆಗಳಲ್ಲಿ ಕೆಂಪು ನೀರು, ಮರದ ದಿಮ್ಮಿ, ಬುಡಸಮೇತ ಕಿತ್ತುಬಂದ ಬಿದಿರು ಹರಿದು ಬರುತ್ತವೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಪ್ರವಾಸಿಗರಿಗೆ ಕಯಾಕ್ ಬಾಡಿಗೆ ಕೊಡುವವರೂ ಆಗ ದೋಣಿ ಮೇಲಕ್ಕೆಳೆದು ಇಟ್ಟಿರುತ್ತಾರೆ. ನೂಲು ಹುಣ್ಣಿಮೆಗೆ ಸಮುದ್ರ ಪೂಜೆಯಾದ ಮೇಲೂ ಹೊಳೆಯ ಸೆಳೆತ ಇಳಿಯಲು ಅಕ್ಟೋಬರ್ ಬರಬೇಕು. ಈ ತಿಂಗಳುಗಳು ಕೈಕಟ್ಟಿ ಕೂರುವುದಕ್ಕಲ್ಲ, ಈಜು ಕಲಿಯುವುದಕ್ಕೆ. ಐವತ್ತು ಮೀಟರ್ ನಿಲ್ಲದೆ ಈಜಬೇಕು, ಹತ್ತು ನಿಮಿಷ ಅಂಗಾತ ತೇಲಬೇಕು, ಬಟ್ಟೆ ತೊಟ್ಟು ನೀರಿಗೆ ಬಿದ್ದರೂ ಉಸಿರು ಹಿಡಿತ ತಪ್ಪಬಾರದು. ಲೈಫ್ ಜಾಕೆಟ್ ಇದೆಯಲ್ಲ, ಈಜು ಯಾಕೆ ಎಂದು ಕೇಳುವವರಿದ್ದಾರೆ. ಜಾಕೆಟ್ ನಿಮ್ಮನ್ನು ತೇಲಿಸುತ್ತದೆ, ದಡಕ್ಕೆ ತಲುಪಿಸುವುದಿಲ್ಲ. ಈಜು ಬಾರದವರು ಮುಳುಗಿದ ಕ್ಷಣದಲ್ಲಿ ಗಾಬರಿಯಿಂದ ನೀರು ಕುಡಿಯುತ್ತಾರೆ, ಜಾಕೆಟ್ ಇದ್ದರೂ ಕುಡಿಯುತ್ತಾರೆ.

ಅಕ್ಟೋಬರ್‌ನಲ್ಲಿ ಮೊದಲ ಕೆಲಸ ಬಾಡಿಗೆ ದೋಣಿಗಳಲ್ಲಿ ಕೂತು ನೋಡುವುದು. ಸಾಲಿಗ್ರಾಮದ ಹತ್ತಿರ ಪಾರಂಪಳ್ಳಿಯಲ್ಲಿ ಸೀತಾ ನದಿಯ ಕಾಂಡ್ಲ (ಮ್ಯಾಂಗ್ರೋವ್) ಕಾಡಿನ ನಡುವೆ ಮಾರ್ಗದರ್ಶಕರೊಂದಿಗೆ ಕಯಾಕ್ ನಡೆಸಬಹುದು. ಘಟ್ಟದ ಮೇಲೆ ಸಾಗರ ತಾಲೂಕಿನ ಹೊನ್ನೆಮರಡು, ಅಂದರೆ ಲಿಂಗನಮಕ್ಕಿ ಹಿನ್ನೀರು. ಎರಡೂ ಬೇರೆ ಬೇರೆ ಪಾಠ ಕಲಿಸುತ್ತವೆ. ಸೀತಾ ನದಿಯ ಕವಲುಗಳಲ್ಲಿ ಅಲೆ ಇಲ್ಲ, ಆದರೆ ಭರತ-ಇಳಿತ, ಅಂದರೆ ಕಡಲ ನೀರಿನ ಏರಿಳಿತ ಇದೆ. ಹಿನ್ನೀರಿನಲ್ಲಿ ಹರಿವಿಲ್ಲ, ಆದರೆ ಬಯಲು ಗಾಳಿ ಇದೆ. ಮಧ್ಯಾಹ್ನ ಗಾಳಿ ಎದ್ದರೆ ಅರ್ಧ ಗಂಟೆಯಲ್ಲಿ ನೀರೆಲ್ಲ ಅಲೆಯಾಗುತ್ತದೆ. ಮುಳುಗಡೆಯಲ್ಲಿ ಸತ್ತ ಮರಗಳ ಬೊಡ್ಡೆಗಳು ನೀರು ಇಳಿದಂತೆ ಮೇಲ್ಮೈಯ ಕೆಳಗೇ ನಿಂತಿರುತ್ತವೆ. ಬಾಡಿಗೆಯ ಒಂದು ಗಂಟೆಯಲ್ಲಿ ತಿಳಿಯಬೇಕಾದದ್ದು ದೋಣಿ ಎಷ್ಟು ಓಡುತ್ತದೆ ಎಂದಲ್ಲ. ಸೊಂಟ ಎಷ್ಟು ಹೊತ್ತಿಗೆ ನೋಯುತ್ತದೆ, ಕಾಲು ಆನಿಸಲು ಹಿಡಿತ ಸಿಗುತ್ತದೆಯೇ, ಒಬ್ಬರೇ ಎತ್ತಲು ಆಗುತ್ತದೆಯೇ ಎಂಬುದು. ಮೂರನೆಯದನ್ನು ದಡದಲ್ಲೇ ಪರೀಕ್ಷಿಸಿ. ಎತ್ತಲಾಗದ ದೋಣಿ ಮನೆಯ ಹಿಂದೆ ಬಿದ್ದಿರುತ್ತದೆ.

ಈಗ ಆಯ್ಕೆ. ಕಯಾಕ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೇಲೆ ಕೂರುವಂಥದ್ದು ಮುಚ್ಚಿದ ಟೊಳ್ಳು ದೋಣಿ. ಕೂರುವ ತಗ್ಗು ಮೇಲ್ಭಾಗದಲ್ಲಿ ಇರುತ್ತದೆ, ಒಳಗೆ ಬಂದ ನೀರು ತಳದಲ್ಲಿ ಆರಪಾರ ಇರುವ ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಮಗುಚಿದರೂ ನೀರು ತುಂಬುವುದಿಲ್ಲ, ತಿರುಗಿಸಿ ಮತ್ತೆ ಹತ್ತಬಹುದು. ಒಳಗೆ ಕೂರುವಂಥದ್ದರಲ್ಲಿ ಕಾಲು ದೋಣಿಯ ಹೊಟ್ಟೆಯೊಳಗೆ ಇರುತ್ತದೆ. ವೇಗ ಹೆಚ್ಚು, ಗಾಳಿಗೆ ಕಡಿಮೆ ಅಲುಗುತ್ತದೆ, ಆದರೆ ಮಗುಚಿದರೆ ನೀರು ತುಂಬುತ್ತದೆ. ಅದನ್ನು ಹೊಳೆಯ ನಡುವೆ ಬರಿದು ಮಾಡಲು ಕೈಪಂಪು, ಹುಟ್ಟಿನ ತುದಿಗೆ ಕಟ್ಟುವ ತೇಲುಚೀಲ, ಜೊತೆಗೆ ಇನ್ನೊಬ್ಬ ಪಳಗಿದ ಮನುಷ್ಯ ಬೇಕು. ಮೂರನೆಯದು ಗಾಳಿ ತುಂಬುವ ಕಯಾಕ್. ಮಡಚಿ ಕಾರಿನ ಡಿಕ್ಕಿಯಲ್ಲಿ ಇಡಬಹುದು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಇರುವವರಿಗೆ ಇದೇ ಸರಿ. ನಮ್ಮ ಕರಾವಳಿಯ ಹೊಳೆಗೆ ಮಾತ್ರ ಬೇಡ ಎನ್ನುತ್ತೇನೆ. ಸೇತುವೆಯ ಕಂಬ, ಕಲ್ಲಿನ ದಂಡೆ, ಹಳೆಯ ಬೇಲಿಗೂಟ ಎಲ್ಲದರ ಮೇಲೂ ಸಿಂಪಿಯ ಚಿಪ್ಪು ಬ್ಲೇಡಿನಷ್ಟು ಹರಿತವಾಗಿ ಅಂಟಿಕೊಂಡಿರುತ್ತದೆ. ಗಾಳಿಯೂ ಇದನ್ನು ಸುಲಭವಾಗಿ ಪಕ್ಕಕ್ಕೆ ತಳ್ಳುತ್ತದೆ. ಕೊಂಡವರು ಒಂದು ನೆನಪಿಡಿ: ಬೆಳಗಿನ ತಂಪಿನಲ್ಲಿ ಗಟ್ಟಿಯಾಗಿ ತುಂಬಿದ ಗಾಳಿ ಬಿಸಿಲಿಗೆ ಹಿಗ್ಗುತ್ತದೆ. ದಡಕ್ಕೆ ಎಳೆದು ಇಡುವಾಗ ಸ್ವಲ್ಪ ಗಾಳಿ ಬಿಡಿ, ಇಲ್ಲವಾದರೆ ಹೊಲಿಗೆ ಬಿಡುತ್ತದೆ.

ಅಳಿವೆಯ (ಹೊಳೆ ಸಮುದ್ರ ಸೇರುವ ಬಾಯಿಯ) ಒಳಗಿನ ಹೊಳೆ, ಒಬ್ಬರೇ ಎತ್ತಬೇಕು, ಈಗಷ್ಟೇ ಕಲಿಯುತ್ತಿರುವವರು. ಈ ಮೂರನ್ನೂ ಒಟ್ಟಿಗೆ ಇಟ್ಟರೆ ಉತ್ತರ ಮೇಲೆ ಕೂರುವ, ಹತ್ತು ಅಡಿ ಉದ್ದದ, ಎಪ್ಪತ್ತೈದು ಸೆಂಟಿಮೀಟರ್ ಆಸುಪಾಸು ಅಗಲದ ಪಾಲಿಥಿಲೀನ್ ದೋಣಿ. ತೂಕ 20ರಿಂದ 25 ಕಿಲೋ. ಎಂಟು ಅಡಿಯದು ಹಗುರ, ಆದರೆ ಪ್ರತಿ ಹುಟ್ಟಿಗೂ ಮೂತಿ ಎಡಕ್ಕೆ ಬಲಕ್ಕೆ ತಿರುಗುತ್ತದೆ. ನೇರ ಹೋಗುವುದರಲ್ಲೇ ಕೈ ಸೋಲುತ್ತದೆ. ಹನ್ನೆರಡು ಅಡಿ ಮೇಲ್ಪಟ್ಟದ್ದು ನೇರ ಹೋಗುತ್ತದೆ, ಕಾಂಡ್ಲದ ಕಿರುಗಾಲುವೆಯಲ್ಲಿ ತಿರುಗುವುದಿಲ್ಲ. ಎಂಬತ್ತೈದು ಸೆಂಟಿಮೀಟರ್ ಅಗಲದ ದೋಣಿ ಮಗುಚುವುದು ಕಷ್ಟ, ನಿಜ. ಆದರೆ ಹುಟ್ಟು ನೀರಿಗೆ ತಾಗಬೇಕಾದರೆ ತೋಳನ್ನು ಅಗಲಿಸಬೇಕು, ಭುಜ ನೋಯುತ್ತದೆ. ಸಮುದ್ರಕ್ಕೆಂದೇ ಮಾಡಿದ, ಹದಿನಾಲ್ಕರಿಂದ ಹದಿನೆಂಟು ಅಡಿ ಉದ್ದದ, 55ರಿಂದ 60 ಸೆಂಟಿಮೀಟರ್ ಅಗಲದ ದೋಣಿ ನೋಡಲು ಚಂದ. ಹೊಸಬರು ಅದರಲ್ಲಿ ಕೂತ ಕೂಡಲೇ ನೀರಿಗೆ ಬೀಳುತ್ತಾರೆ.

ಭಾರದ ಲೆಕ್ಕ ಎಲ್ಲರೂ ತಪ್ಪು ಓದುತ್ತಾರೆ. ದೋಣಿಯ ಮೇಲೆ ಬರೆದಿರುವುದು ಗರಿಷ್ಠ ಭಾರ. ಅಷ್ಟು ಹೇರಿದರೆ ತೇಲುತ್ತದೆ ಅಷ್ಟೇ, ನಡೆಯುವುದಿಲ್ಲ. ಅದರ ನೂರಕ್ಕೆ ಎಪ್ಪತ್ತನ್ನು ನಿಜವಾದ ಮಿತಿ ಎಂದು ಹಿಡಿಯಿರಿ. ನಿಮ್ಮ ತೂಕ 75 ಕಿಲೋ, ನೀರು-ಚೀಲ-ಜಾಕೆಟ್ ಸೇರಿ 10 ಕಿಲೋ ಆದರೆ ಒಟ್ಟು 85. ಇದಕ್ಕೆ ಕನಿಷ್ಠ 122 ಕಿಲೋ ಬರೆದ ದೋಣಿ ಬೇಕು. ಮಿತಿಗೆ ಹತ್ತಿರ ಹೋದರೆ ತಳದ ತೂತುಗಳಿಂದ ನೀರು ಇಳಿಯುವ ಬದಲು ಮೇಲೆ ಉಕ್ಕಿ ಬರುತ್ತದೆ, ಇಡೀ ದಾರಿ ಒದ್ದೆ ಕುಂಡೆಯಲ್ಲಿ ಕೂರಬೇಕಾಗುತ್ತದೆ.

ಹಳೆಯ ದೋಣಿ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ, ಆದರೆ ಮಗುಚಿ ಹಾಕಿ ನೋಡಿ. ಬಿರುಕು ಮೊದಲು ಬರುವುದು ಹಿಂತುದಿಯ ತಳದಲ್ಲಿ, ಅಂದರೆ ನೆಲದ ಮೇಲೆ ಎಳೆಯುವಾಗ ಉಜ್ಜುವ ಜಾಗದಲ್ಲಿ. ಎರಡನೆಯದು ತಳದ ತೂತುಗಳ ಸುತ್ತ. ಹಿಂತುದಿಯ ಬಿರಡೆ ತೆಗೆದು ಹತ್ತು ಲೀಟರ್ ನೀರು ಸುರಿದು, ಬಿರಡೆ ಹಾಕಿ, ಆ ಕಡೆ ಈ ಕಡೆ ವಾಲಿಸಿ. ಜಿನುಗಿದರೆ ತಿಳಿಯುತ್ತದೆ. ಪಾಲಿಥಿಲೀನ್‌ಗೆ ಯಾವ ಗೋಂದೂ ಸರಿಯಾಗಿ ಹಿಡಿಯುವುದಿಲ್ಲ. ಅದೇ ಪ್ಲಾಸ್ಟಿಕ್ ಕಡ್ಡಿಯನ್ನು ಬಿಸಿ ಮಾಡಿ ಬೆಸೆಯಬೇಕು. ನೀರಿನ ಟ್ಯಾಂಕ್ ಬೆಸೆಯುವವರು ಇದನ್ನು ಮಾಡಬಲ್ಲರು. ಬಣ್ಣ ಬಿಳಿಚಿಕೊಂಡು, ಉಗುರಿನಿಂದ ಕೆರೆದರೆ ಪುಡಿ ಬರುವ ದೋಣಿಯನ್ನು ಬಿಸಿಲು ತಿಂದಿದೆ. ಅದನ್ನು ಕೊಳ್ಳಬೇಡಿ.

ಖರೀದಿಯಲ್ಲಿ ನಿರೀಕ್ಷಿಸದ ತೊಡಕು ಬಂದದ್ದು ಸಾಗಾಟದಲ್ಲಿ. ಮಾರಾಟಗಾರರು ಹೇಳುವ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯೇ, ಸೀಟು ಮತ್ತು ಹುಟ್ಟು ಸೇರಿವೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಹಲವರು ಬರೀ ದೋಣಿಯ ಬೆಲೆ ಹೇಳುತ್ತಾರೆ. ಪಾರ್ಸೆಲ್ ಲಾರಿಯವರು ತೂಕ ನೋಡುವುದಿಲ್ಲ, ಜಾಗ ನೋಡುತ್ತಾರೆ. ಇಪ್ಪತ್ತೈದು ಕಿಲೋದ ದೋಣಿಗೆ ನೂರಾರು ಕಿಲೋದ ಬಾಡಿಗೆ ಬೀಳುತ್ತದೆ. ಅದೂ ಮನೆಗೆ ತರುವುದಿಲ್ಲ, ಗೋಡೌನ್‌ನಿಂದ ನಾವೇ ಎತ್ತಿಕೊಳ್ಳಬೇಕು. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎನ್ನುತ್ತ ವಾರಗಳು ಕಳೆದವು. ಬೇರೆ ಸರಕಿನ ನಡುವೆ ಹತ್ತು ಅಡಿ ಜಾಗ ಖಾಲಿ ಇರುವ ಲಾರಿ ಸಿಗುವವರೆಗೆ ಅದು ದಾರಿಯ ಯಾವುದೋ ಗೋಡೌನ್‌ನಲ್ಲಿ ನಿಂತಿರುತ್ತದೆ. ಹೊಸ ಸಾಮಾನು ಬರಲಿದೆ ಎಂಬ ಸಂಭ್ರಮ ಆ ಕಾಯುವಿಕೆಯಲ್ಲಿ ಹೆಚ್ಚುಕಮ್ಮಿ ಬತ್ತಿಯೇ ಹೋಗಿತ್ತು. ಬಂದ ಮೇಲೆ ಅವಸರ ಮಾಡಬೇಡಿ. ಸುತ್ತಿದ ಪ್ಲಾಸ್ಟಿಕ್ ಬಿಚ್ಚಿ ತಳ ನೋಡುವ ತನಕ ರಸೀದಿಗೆ ಸಹಿ ಹಾಕಬೇಡಿ. ತಗ್ಗು, ಸೀಳು ಕಂಡರೆ ಲಾರಿ ರಸೀದಿಯ ಮೇಲೆಯೇ ಬರೆದು, ಅಲ್ಲೇ ಫೋಟೊ ತೆಗೆಯಿರಿ. ಬಿಲ್ಲು, ವಾರಂಟಿ ಚೀಟಿ, ದೋಣಿಯ ಹಿಂತುದಿಯಲ್ಲಿ ಒತ್ತಿರುವ ಸಂಖ್ಯೆ, ಇವಿಷ್ಟನ್ನೂ ಫೋನಿನಲ್ಲಿ ಒಟ್ಟಿಗೆ ಇಡಿ. ಮುಂದೆ ಯಾರಾದರೂ ಇದು ಯಾರ ದೋಣಿ ಎಂದು ಕೇಳಿದರೆ ತೋರಿಸಲು ಇರುವುದು ಅದೇ.

ಹುಟ್ಟಿನ ಉದ್ದ ದೋಣಿಯ ಅಗಲ ಮತ್ತು ನಿಮ್ಮ ಎತ್ತರ ಎರಡನ್ನೂ ಅವಲಂಬಿಸುತ್ತದೆ. ಎಪ್ಪತ್ತೈದು ಸೆಂಟಿಮೀಟರ್ ಅಗಲದ ದೋಣಿಗೆ, ಐದೂವರೆ ಅಡಿ ಆಸುಪಾಸಿನ ಎತ್ತರದವರಿಗೆ 230 ಸೆಂಟಿಮೀಟರ್ ಸರಿ. ಸೀಟು ಎತ್ತರದಲ್ಲಿದ್ದರೆ 240. ಅಲ್ಯುಮಿನಿಯಂ ದಂಡದ ಹುಟ್ಟು ಒಂದು ಕಿಲೋ ದಾಟುತ್ತದೆ. ಎರಡು ಗಂಟೆಯಲ್ಲಿ ಅದನ್ನು ಸಾವಿರಾರು ಸಲ ಎತ್ತಬೇಕು. ಬಜೆಟ್‌ನಲ್ಲಿ ಸ್ವಲ್ಪ ಉಳಿದರೆ ದೋಣಿಯ ಬದಲು ಹುಟ್ಟಿಗೆ ಹಾಕಿ, ಫೈಬರ್‌ಗ್ಲಾಸ್ ದಂಡ ತೆಗೆದುಕೊಳ್ಳಿ. ಹಿಡಿಯುವ ಜಾಗ ತಿಳಿಯಲು ಹುಟ್ಟನ್ನು ತಲೆಯ ಮೇಲೆ ಅಡ್ಡಲಾಗಿ ಇಟ್ಟು ಹಿಡಿಯಿರಿ. ಮೊಣಕೈ ಎರಡೂ ಲಂಬಕೋನದಲ್ಲಿ ಮಡಚಿದ್ದರೆ ಅದೇ ಸರಿಯಾದ ಜಾಗ. ಅಲ್ಲಿಗೆ ಬಣ್ಣದ ಟೇಪು ಸುತ್ತಿ. ಹುಟ್ಟಿನ ಎಲೆಯ (ನೀರು ತಳ್ಳುವ ಅಗಲ ತುದಿಯ) ತಗ್ಗು ಮುಖ ನಿಮ್ಮ ಕಡೆ, ಉದ್ದ ಅಂಚು ಮೇಲೆ.

ಲೈಫ್ ಜಾಕೆಟ್ ಬಗ್ಗೆ ಹೆಚ್ಚು ಬರೆಯಲೇಬೇಕು. ಇಲ್ಲಿ ಉಳಿಸಿದ ಹಣ ಯಾವುದಕ್ಕೂ ಆಗುವುದಿಲ್ಲ. ತೇಲಿಸುವ ಬಲವನ್ನು ನ್ಯೂಟನ್‌ನಲ್ಲಿ ಅಳೆಯುತ್ತಾರೆ. 50 ನ್ಯೂಟನ್ ಎಂದರೆ ನೀರಿನಲ್ಲಿ ಸುಮಾರು ಐದು ಕಿಲೋ ಎತ್ತಿ ಹಿಡಿಯುವ ಬಲ. ಈಜು ಬಲ್ಲವರಿಗೆ, ದಡದ ಹತ್ತಿರದ ಶಾಂತ ನೀರಿಗೆ ಇದು ಸಾಕು, ಕೈ ಆಡಿಸಲು ಅನುಕೂಲ. 100 ನ್ಯೂಟನ್ ಜಾಕೆಟ್‌ಗೆ ಕೊರಳ ಹಿಂದೆ ದಪ್ಪ ಪಟ್ಟಿ ಇರುತ್ತದೆ, ಮುಖ ಮೇಲಕ್ಕೆ ತಿರುಗಿಸಲು ನೆರವಾಗುತ್ತದೆ, ಆದರೆ ಹುಟ್ಟು ಹಾಕಲು ತೊಡಕು. ಚೀಟಿಯಲ್ಲಿ ಐಎಸ್‌ಒ 12402 ಎಂಬ ಸಂಖ್ಯೆ, ಅಥವಾ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನ ಒಪ್ಪಿಗೆ, ಜೊತೆಗೆ ನಿಮ್ಮ ತೂಕದ ಪಟ್ಟಿ ಇದೆಯೇ ನೋಡಿ. ಚೀಟಿಯೇ ಇಲ್ಲದ ಕಿತ್ತಳೆ ಬಣ್ಣದ ಜಾಕೆಟ್‌ಗಳ ಒಳಗೆ ಎಷ್ಟೋ ಸಲ ಥರ್ಮೋಕೋಲ್ ತುಂಡು ಇರುತ್ತದೆ, ಒಂದು ಬೇಸಿಗೆಯಲ್ಲಿ ಪುಡಿಯಾಗುತ್ತದೆ. ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿದು, ಬೇರೆಯವರಿಗೆ ಭುಜದ ಪಟ್ಟಿ ಹಿಡಿದು ಎತ್ತಲು ಹೇಳಿ. ಜಾಕೆಟ್ ಗಲ್ಲ ದಾಟಿ ಬಂದರೆ ಅಳತೆ ದೊಡ್ಡದು. ನೀರಿನಲ್ಲಿ ಅದು ನಿಮ್ಮನ್ನು ಬಿಟ್ಟು ಮೇಲೆ ಹೋಗುತ್ತದೆ. ಎದೆಯ ಪಟ್ಟಿಗೆ ಸೀಟಿಯೊಂದನ್ನು ಕಟ್ಟಿ. ಮೂರು ಸಲ ಊದಿದರೆ ಸಹಾಯ ಬೇಕೆಂದು ಅರ್ಥ. ಮನೆಯವರಿಗೂ ಇದನ್ನು ಹೇಳಿರಿ.

ಉಳಿದ ಸಾಮಾನು ಚಿಕ್ಕದು. ಬಾಯಿ ಸುತ್ತಿ ಮುಚ್ಚುವ, ನೀರು ಒಳಹೋಗದ ಚೀಲ, ಫೋನಿಗೆ ಕೊರಳ ಪೊಟ್ಟಣ, ಹದಿನೈದು ಮೀಟರ್ ತೇಲುವ ಹಗ್ಗ, ದಪ್ಪ ಅಟ್ಟೆಯ ಶೂ (ಚಪ್ಪಲಿ ಅಲ್ಲ), ಅಗಲ ಟೋಪಿ, ಎರಡು ಲೀಟರ್ ಕುಡಿಯುವ ನೀರು, ಬಲೆ ಕತ್ತರಿಸಲು ಚಾಕು. ಚಾಕು ಯಾಕೆಂದರೆ ಹೊಳೆಯಲ್ಲಿ ಬಿಟ್ಟ ಬಲೆ ಹುಟ್ಟಿಗೋ ಕಾಲಿಗೋ ಸುತ್ತಿಕೊಂಡರೆ ಬಿಡಿಸುವಷ್ಟು ಸಮಯ ಇರುವುದಿಲ್ಲ. ಹಾಗೆಂದು ಮೀನುಗಾರರ ಬಲೆಯನ್ನು ಸುಮ್ಮನೆ ಕತ್ತರಿಸಬೇಡಿ. ತೇಲುಗುಂಡು ಸಾಲಾಗಿ ಕಂಡ ಕಡೆ ಸುತ್ತಿ ಹೋಗಿ. ಅವರ ಜೀವನ ಅದರ ಮೇಲಿದೆ, ನಮ್ಮದು ಬೆಳಗಿನ ವ್ಯಾಯಾಮ.

ಒಟ್ಟು ಖರ್ಚು ಅರವತ್ತು ಸಾವಿರ ರೂಪಾಯಿಯ ಹತ್ತಿರ ಬಂತು. ಅರ್ಧಕ್ಕಿಂತ ಹೆಚ್ಚು ದೋಣಿಗೆ. ಉಳಿದದ್ದು ಕಾರಿನ ಮೇಲಿನ ಕ್ಯಾರಿಯರ್ ಕಂಬಿ, ಲಾರಿ ಬಾಡಿಗೆ, ಹುಟ್ಟು, ಜಾಕೆಟ್, ಹೀಗೆ. ದೋಣಿಯ ಬೆಲೆಯನ್ನೇ ಬಜೆಟ್ ಎಂದುಕೊಂಡವರಿಗೆ ಈ ಉಳಿದದ್ದು ಭಾರವಾಗುತ್ತದೆ. ಕಾರಿಗೆ ಕಟ್ಟುವಾಗ ಬಕಲ್ ಇರುವ ಅಗಲ ಪಟ್ಟಿಗಳು ಎರಡು, ಮುಂದೆ ಹಿಂದೆ ಬಂಪರ್ ಕೊಕ್ಕೆಗೆ ಒಂದೊಂದು ಹಗ್ಗ. ಲಾರಿಯವರು ಬಳಸುವ ಹಲ್ಲುಚಕ್ರದ ಪಟ್ಟಿ ಬೇಡ. ಬಿಸಿಲಿಗೆ ಮೆತ್ತಗಾದ ಪ್ಲಾಸ್ಟಿಕ್ ಅದರ ಬಿಗಿತಕ್ಕೆ ತಗ್ಗುತ್ತದೆ, ಮತ್ತೆ ಸರಿಹೋಗುವುದು ಕಷ್ಟ. ಸಾಧ್ಯವಾದರೆ ತಳ ಮೇಲೆ ಮಾಡಿ ಹೇರಿ. ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿ.

ಅನುಮತಿಯ ವಿಚಾರ ಹೆಚ್ಚು ತಲೆ ತಿಂದದ್ದು. ಒಂದು ಕಚೇರಿಯಲ್ಲಿ ಇನ್ನೊಂದನ್ನು ಕೇಳಿ ಎಂದರು, ಅಲ್ಲಿ ಮೊದಲನೆಯದನ್ನೇ ಕೇಳಿ ಎಂದರು. ಹಣಕ್ಕಾಗಿ ಜನರನ್ನು ಕೂರಿಸುವ ವ್ಯವಹಾರವೇ ಬೇರೆ, ಅದಕ್ಕೆ ಪರವಾನಗಿ ಇಲ್ಲದೆ ಕೈಹಾಕುವಂತಿಲ್ಲ. ಒಬ್ಬರೇ ಸ್ವಂತಕ್ಕೆ ಹುಟ್ಟು ಹಾಕುವವರು ಮೊದಲು ಕೇಳಬೇಕಾದದ್ದು ಆ ನೀರು ಯಾರ ಸುಪರ್ದಿಯಲ್ಲಿದೆ ಎಂಬುದು. ಜಲಾಶಯವಾದರೆ ನೀರಾವರಿ ನಿಗಮ ಅಥವಾ ವಿದ್ಯುತ್ ನಿಗಮ, ಕಾಡಿನ ಅಂಚಾದರೆ ಅರಣ್ಯ ಇಲಾಖೆ, ನಗರದ ಕೆರೆಯಾದರೆ ಅದನ್ನು ನೋಡಿಕೊಳ್ಳುವ ಪಾಲಿಕೆ ಅಥವಾ ಪ್ರಾಧಿಕಾರ. ಕೇಳದೆ ಇಳಿಯಬೇಡಿ. ಕರಾವಳಿಯಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಒಂದು ಸಣ್ಣ ಕಾಗದ. ಹೆಸರು, ಫೋನ್ ನಂಬರ್, ದೋಣಿಯ ಬಣ್ಣ, ಉದ್ದ, ಇಳಿಯುವ ಜಾಗ ಬರೆದು, ಬಿಲ್ಲಿನ ಪ್ರತಿ ಲಗತ್ತಿಸಿ ಹತ್ತಿರದ ಕರಾವಳಿ ಕಾವಲು ಪೊಲೀಸರಿಗೂ ಗ್ರಾಮ ಪಂಚಾಯಿತಿಗೂ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡದ್ದು. ಅದು ಪರವಾನಗಿ ಅಲ್ಲ. ಆದರೆ ಹೊಳೆಯಲ್ಲಿ ಅಪರಿಚಿತ ದೋಣಿ ಕಂಡು ಯಾರೋ ಫೋನ್ ಮಾಡಿದಾಗ ಅವರಿಗೆ ಇದು ಯಾರದೆಂದು ತಿಳಿದಿರುತ್ತದೆ.

ಮೊದಲ ದಿನ ಎಲ್ಲಿಗೂ ಹೋಗುವುದು ಬೇಡ. ಎದೆಮಟ್ಟದ ನೀರು, ಮರಳಿನ ತಳ, ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಬೇಕೆಂದೇ ದೋಣಿ ಮಗುಚಿ. ತಲೆ ಕೆಳಗಾದ ಆ ಒಂದು ಗಳಿಗೆಯಲ್ಲಿ ಎದೆ ಝಲ್ಲೆನ್ನುತ್ತದೆ, ಮೂಗಿನಲ್ಲಿ ಉಪ್ಪುನೀರು ಹೋಗುತ್ತದೆ, ಯಾವ ಕಡೆ ಮೇಲೆ ಎಂದು ತಿಳಿಯುವುದಿಲ್ಲ. ಅದನ್ನು ಇಲ್ಲೇ ಅನುಭವಿಸಿಬಿಡಬೇಕು. ಮೇಲೆ ಬಂದ ಕೂಡಲೇ ಮೊದಲು ದೋಣಿ ಹಿಡಿಯಿರಿ, ಆಮೇಲೆ ಹುಟ್ಟು. ಗಾಳಿ ಇದ್ದರೆ ಖಾಲಿ ದೋಣಿ ನೀವು ಈಜುವುದಕ್ಕಿಂತ ಬೇಗ ಹೋಗುತ್ತದೆ. ತಿರುಗಿಸಲು ಅಡಿಮೇಲಾದ ತಳದ ಮೇಲೆ ಕೈಚಾಚಿ, ಆಚೆ ಬದಿಯ ಹಿಡಿಯನ್ನು ಹಿಡಿದು, ಮೈಭಾರ ಹಿಂದಕ್ಕೆ ಬಿಡಿ. ಹತ್ತುವುದು ಸೀಟಿನ ಪಕ್ಕದಿಂದ. ಎರಡು ಕೈಯನ್ನು ದೋಣಿಯ ಮೇಲೆ ಇಟ್ಟು, ಕಾಲನ್ನು ನೀರಿನ ಮೇಲ್ಮೈಗೆ ತಂದು ಜೋರಾಗಿ ಒದೆಯಿರಿ. ನೆಟ್ಟಗೆ ನೇತಾಡಿದರೆ ಕಾಲು ದೋಣಿಯ ಅಡಿಗೆ ಹೋಗುತ್ತದೆ, ಮತ್ತೆ ಮಗುಚುತ್ತದೆ. ಒದೆತದೊಂದಿಗೆ ಹೊಟ್ಟೆ ದೋಣಿಯ ಮೇಲೆ ಬರಬೇಕು, ಹೊರಳಿ ಕುಂಡೆ ಸೀಟಿಗೆ, ಕೊನೆಗೆ ಕಾಲು ಒಳಗೆ. ಹೊಟ್ಟೆ, ಕುಂಡೆ, ಕಾಲು. ಕ್ರಮ ತಪ್ಪಿ ಮೊದಲೇ ಕಾಲು ಎತ್ತಿದವರು ಮತ್ತೆ ನೀರಿಗೆ. ಎದೆಮಟ್ಟದಲ್ಲಿ ನೆಲ ಮುಟ್ಟದೆ ಹತ್ತಲು ಬಂದ ಮೇಲೆ, ಕಾಲು ನಿಲುಕದ ನೀರಿನಲ್ಲಿ ಜೊತೆಯವರ ಕಾವಲಿನಲ್ಲಿ ಮಾಡಿ. ದಣಿದಾಗಲೂ ಹತ್ತಲು ಬರುವ ತನಕ ಒಂಟಿಯಾಗಿ ಹೊಳೆಗೆ ಹೋಗಬೇಡಿ.

ದೋಣಿಯನ್ನು ಕಾಲಿಗೆ ಹಗ್ಗದಿಂದ ಕಟ್ಟಿಕೊಳ್ಳುವುದನ್ನು ಸಮುದ್ರದ ಅಲೆಯ ಮೇಲೆ ಹಲಗೆ ಸವಾರಿ (ಸರ್ಫಿಂಗ್) ಮಾಡುವವರನ್ನು ನೋಡಿ ಕೆಲವರು ಅನುಸರಿಸುತ್ತಾರೆ. ಹರಿಯುವ ಹೊಳೆಯಲ್ಲಿ, ಕಾಂಡ್ಲದ ಬೇರುಗಳ ನಡುವೆ ಅದು ಪ್ರಾಣಕ್ಕೆ ಎರವು. ಬೇರಿಗೆ ಸಿಕ್ಕಿಬಿದ್ದ ಹಗ್ಗ ನಿಮ್ಮನ್ನು ಹರಿವಿನ ಕೆಳಗೆ ಹಿಡಿದಿಡುತ್ತದೆ.

ಹುಟ್ಟು ಹಾಕುವುದು ತೋಳಿನ ಕೆಲಸವಲ್ಲ, ಸೊಂಟದ್ದು. ಮೊಣಕಾಲು ಸ್ವಲ್ಪ ಮಡಚಿ ಪಾದ ಆನಿಸಿ, ಬೆನ್ನು ನೆಟ್ಟಗೆ. ಪಾದದ ಹತ್ತಿರ ಎಲೆ ಪೂರ್ತಿ ಮುಳುಗಿಸಿ, ಮೈ ತಿರುಗಿಸುತ್ತ ಎಳೆದು, ಸೊಂಟದ ಹತ್ತಿರ ಹೊರತೆಗೆಯಿರಿ. ಸೊಂಟ ದಾಟಿ ಎಳೆದರೆ ದೋಣಿ ಮುಂದೆ ಹೋಗುವುದಿಲ್ಲ, ತಿರುಗುತ್ತದೆ. ತಿರುಗಬೇಕೆಂದಾಗ ಎಲೆಯನ್ನು ಮುಂತುದಿಯಿಂದ ಹಿಂತುದಿಗೆ ಅರ್ಧ ವೃತ್ತವಾಗಿ ಬಳಸಿ. ನಿಲ್ಲಿಸುವುದಕ್ಕೆ ಹಿಂದಕ್ಕೆ ಹುಟ್ಟು, ಒಮ್ಮೆ ಎಡ ಒಮ್ಮೆ ಬಲ. ಹೊಸಬರ ವೇಗ ಗಂಟೆಗೆ ನಾಲ್ಕು ಕಿಲೋಮೀಟರ್ ಎಂದು ಹಿಡಿಯಿರಿ. ಈ ಸಂಖ್ಯೆ ಮುಂದಿನ ಲೆಕ್ಕಕ್ಕೆ ಬೇಕು.

ಹೊಳೆಗೆ ಇಳಿಯುವ ಹೊತ್ತನ್ನು ನಿರ್ಧರಿಸುವುದು ಭರತ-ಇಳಿತ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ, ಎರಡರ ಎತ್ತರವೂ ಒಂದೇ ಅಲ್ಲ. ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ-ಅಮಾವಾಸ್ಯೆ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಆದ್ದರಿಂದ ಗೋಡೆಯ ಪಂಚಾಂಗವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ನಿಖರ ಸಮಯಕ್ಕೆ ಸಮುದ್ರದ ಮಾಹಿತಿ ಕೊಡುವ ಹೈದರಾಬಾದ್‌ನ ಇಂಕಾಯಿಸ್ ಸಂಸ್ಥೆಯ ಮುನ್ಸೂಚನೆ ನೋಡಿ, ಕುಂದಾಪುರದವರಿಗೆ ಮಲ್ಪೆಯ ಸಮಯ ಹತ್ತಿರದ್ದು. ಹೊಳೆಯ ಒಳಗೆ ಹೋದಷ್ಟೂ ಭರತ ತಡವಾಗಿ ತಲುಪುತ್ತದೆ. ನಿಮ್ಮ ಜಾಗದಲ್ಲಿ ಎಷ್ಟು ತಡ ಎಂದು ತಿಳಿಯಲು ದಡದ ಕಂಬಕ್ಕೆ ಗೆರೆ ಹಾಕಿ ಕೆಲವು ದಿನ ನೋಡಿದರೆ ಸಾಕು.

ನೀರು ಆರು ಗಂಟೆಯಲ್ಲಿ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಒಟ್ಟು 120 ಸೆಂಟಿಮೀಟರ್ ಇಳಿಯುವುದಿದ್ದರೆ ಮೊದಲ ಗಂಟೆಯಲ್ಲಿ 10, ಎರಡನೆಯದರಲ್ಲಿ 20, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ 30-30, ಆಮೇಲೆ 20, ಕೊನೆಗೆ 10. ಅಂದರೆ ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಹೊರಗೆ ಓಡುತ್ತದೆ. ಐದು ಹೊಳೆಗಳ ನೀರು ಗಂಗೊಳ್ಳಿಯ ಒಂದೇ ಅಳಿವೆಯಿಂದ ಹೊರಹೋಗುವಾಗ ಆ ಸೆಳೆತ ನಿಮ್ಮ ಗಂಟೆಗೆ ನಾಲ್ಕು ಕಿಲೋಮೀಟರನ್ನು ನುಂಗಿಬಿಡಬಲ್ಲದು. ಜೊತೆಗೆ ಸಮುದ್ರದ ಅಲೆ ಎದುರಿನಿಂದ ಬಂದು ಅಳಿವೆಯ ಬಾಯಿಯಲ್ಲಿ ನೆಟ್ಟಗೆ ಏಳುತ್ತದೆ. ದಡದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಹೇಳಿದ ಒಂದೇ ಮಾತು, “ಹ್ವಾಯ್, ಇಳ್ತದ್ ಹೊತ್ತಿಗ್ ಅಳಿವಿ ಬದಿಗ್ ಹೋಪುಕಾಗ.” ಇಳಿತದ ಹೊತ್ತಿಗೆ ಅಳಿವೆಯ ಕಡೆ ಹೋಗಬಾರದು ಎಂಬ ಆ ಮಾತನ್ನು ನಿಯಮವಾಗಿ ಇಟ್ಟುಕೊಂಡಿದ್ದೇನೆ.

ಹಾಗಾಗಿ ಕ್ರಮ ಹೀಗೆ: ಅಳಿವೆಯಿಂದ ಸಾಕಷ್ಟು ಒಳಗೆ ಇಳಿಯುವ ಜಾಗ. ಭರತ ತುಂಬಲು ಒಂದು ಗಂಟೆ ಇರುವಾಗ ಹೊರಟು ಮೇಲ್ಮುಖವಾಗಿ ಉಪ್ಪಿನಕುದ್ರು ಕಡೆಗೋ ಬಸ್ರೂರಿನ ಕಡೆಗೋ. ನೀರು ನಿಂತಾಗ ತಿರುಗುವುದು, ಇಳಿತದ ಮೊದಲ ಗಂಟೆಯ ಮೆಲ್ಲನೆಯ ಹರಿವಿನಲ್ಲಿ ವಾಪಸ್. ಇದಕ್ಕೆ ಗಾಳಿಯ ಲೆಕ್ಕ ಸೇರಿಸಿ. ಬೆಳಿಗ್ಗೆ ನೀರು ಕನ್ನಡಿಯಂತಿದ್ದರೂ ಹನ್ನೊಂದರ ಹೊತ್ತಿಗೆ ಕಡಲಗಾಳಿ ಏಳುತ್ತದೆ. ಆದ್ದರಿಂದ ಭರತ ಬೆಳಿಗ್ಗೆ 7ರಿಂದ 9.30ರ ನಡುವೆ ತುಂಬುವ ದಿನ ಬೇಕು. ಐವತ್ತು ನಿಮಿಷದ ಲೆಕ್ಕದಲ್ಲಿ ಹದಿನೈದು ದಿನಕ್ಕೆ ಮೂರು ನಾಲ್ಕು ದಿನ ಮಾತ್ರ ಹೊಂದುತ್ತದೆ. ಭಾನುವಾರ ಬಿಡುವಿದೆ ಎಂದು ಹೊರಡುವುದಲ್ಲ. ಹೊಂದುವ ದಿನಗಳನ್ನು ತಿಂಗಳ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದರೊಳಗೆ ಬಿಡುವು ಹುಡುಕಬೇಕು. ನನಗೆ ಮೊದಮೊದಲು ಇದೇ ಹೆಚ್ಚು ಬೇಸರ ತರಿಸಿದ್ದು, ದೋಣಿ ಕಣ್ಣೆದುರು ಇದ್ದರೂ ಇಳಿಯಲಾಗದ ದಿನಗಳು. ಏಪ್ರಿಲ್-ಮೇ ತಿಂಗಳಲ್ಲಿ ಸಂಜೆಯ ಸಿಡಿಲು ಮಳೆಯೂ ಸೇರುತ್ತದೆ. ಗುಡುಗು ಕೇಳಿದರೆ ಹತ್ತಿರದ ದಡ, ಮನೆಯ ದಡವಲ್ಲ.

ಸೇತುವೆಯ ಕಂಬಗಳ ನಡುವೆ ಹೋಗುವಾಗ ಮಧ್ಯದ ಜಾಗ ಹಿಡಿಯಿರಿ. ಕಂಬಕ್ಕೆ ಅಡ್ಡಲಾಗಿ ಒತ್ತಿಕೊಂಡರೆ ಕಂಬದ ಕಡೆಗೆ ವಾಲಬೇಕು. ಹೆದರಿ ಆಚೆ ವಾಲಿದರೆ ನೀರು ದೋಣಿಯನ್ನು ಹೊರಳಿಸುತ್ತದೆ. ಕಿಂಡಿ ಅಣೆಕಟ್ಟುಗಳ ಹತ್ತಿರ ಹೋಗಲೇಬೇಡಿ, ಮೇಲಿನಿಂದಲೂ ಕೆಳಗಿನಿಂದಲೂ. ಹಲಗೆ ದಾಟಿ ಬೀಳುವ ನೀರು ಬುಡದಲ್ಲಿ ಹಿಂದಕ್ಕೆ ಸುತ್ತುತ್ತದೆ, ಅದರಲ್ಲಿ ಸಿಕ್ಕಿದವರನ್ನು ಜಾಕೆಟ್ ಕೂಡ ಹೊರಗೆ ತರುವುದಿಲ್ಲ. ನೋಡಲು ಅದು ಮೊಣಕಾಲೆತ್ತರದ ಸಣ್ಣ ಧಾರೆ ಅಷ್ಟೇ, ಅದಕ್ಕೇ ಅಪಾಯ ಹೆಚ್ಚು. ಬೇರೆ ಹೊಳೆಗಳಿಗೆ ಬೇರೆ ಎಚ್ಚರ: ದಾಂಡೇಲಿಯ ಕಾಳಿಯಲ್ಲಿ ಮೇಲಿನ ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಮಟ್ಟ ಏರುತ್ತದೆ, ಮೊಸಳೆಗಳೂ ಇವೆ. ಶ್ರೀರಂಗಪಟ್ಟಣದ ರಂಗನತಿಟ್ಟಿನ ಸುತ್ತಲ ಕಾವೇರಿಯಲ್ಲೂ ಮೊಸಳೆಗಳಿವೆ. ಅಲ್ಲೆಲ್ಲ ಸ್ಥಳೀಯರ ಜೊತೆಗಲ್ಲದೆ ಇಳಿಯಬಾರದು.

ಹೊರಡುವ ಮುನ್ನ ದಡದಲ್ಲಿ ಇರುವವರಿಗೆ ಒಂದು ಸಂದೇಶ: ಎಲ್ಲಿಂದ, ಎಲ್ಲಿಯವರೆಗೆ, ಎಷ್ಟು ಗಂಟೆಗೆ ವಾಪಸ್, ಎಷ್ಟು ಹೊತ್ತು ಮೀರಿದರೆ 112ಕ್ಕೆ ಕರೆ ಮಾಡಬೇಕು. ಸಮುದ್ರದ ಕಡೆ ಹೋದರೆಂಬ ಅನುಮಾನವಿದ್ದರೆ ಕೋಸ್ಟ್ ಗಾರ್ಡ್‌ನ 1554. ಆಮೇಲೆ ಹಿಂತುದಿಯ ಬಿರಡೆ ಬಿಗಿಯಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡುವುದು. ಮರಳು ಕಣ ಬಿರಡೆಯ ತಿರುಪಿನ ಎಳೆಗೆ ಸಿಕ್ಕಿದರೆ ಬಿಗಿದಂತೆ ಕಾಣುತ್ತದೆ, ಆದರೆ ಹನಿಹನಿಯಾಗಿ ನೀರು ಒಳಗೆ ಸೇರುತ್ತದೆ. ದೋಣಿ ಯಾವ ಕಾರಣವೂ ಇಲ್ಲದೆ ಭಾರವಾಗಿ, ಒಂದು ಕಡೆ ವಾಲತೊಡಗಿದರೆ ಇದೇ ಕಾರಣ. ಕೂಡಲೇ ದಡಕ್ಕೆ ಹೋಗಿ.

ವಾಪಸ್ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ, ದೋಣಿಗಿಂತ ಮುಖ್ಯವಾಗಿ ಜಾಕೆಟ್‌ನ ಬಕಲ್, ಹುಟ್ಟಿನ ಕೀಲು, ಸೀಟಿನ ಕೊಕ್ಕೆಗಳನ್ನು. ಉಪ್ಪು ಹಿಡಿದ ಹುಟ್ಟಿನ ಕೀಲು ಒಂದು ತಿಂಗಳಲ್ಲಿ ಬಿಚ್ಚದಾಗುತ್ತದೆ. ಕೈಕಾಲಿನ ಗೀರುಗಳನ್ನು ಸಾಬೂನಿನಿಂದ ತೊಳೆದು ಮದ್ದು ಹಚ್ಚಿ. ಹೊಳೆನೀರು ತಾಗಿದ ಗಾಯದಿಂದ ಇಲಿಜ್ವರ ಬರಬಹುದು, ಮುಂದಿನ ಎರಡು ಮೂರು ವಾರದಲ್ಲಿ ಜ್ವರ ಬಂದರೆ ಹೊಳೆಗೆ ಇಳಿದದ್ದನ್ನು ಡಾಕ್ಟರಿಗೆ ಹೇಳಿ. ದೋಣಿಯನ್ನು ನೆರಳಿನಲ್ಲಿ, ಬಿರಡೆ ತೆಗೆದು, ಬದಿಯ ಮೇಲೆ ಮಲಗಿಸಿ ಇಡಿ. ಮಳೆಗಾಲಕ್ಕೆ ಒಳಗಿಡುವಾಗ ಬಿರಡೆಯ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದರೆ ಒಳಗೆ ಜೇಡ, ಕಣಜ ಗೂಡು ಕಟ್ಟುವುದಿಲ್ಲ.